ಹದಿನೇಳು ಕಡೆಯಿಂದ

ಒಂದು ಸೆಕೆಂಡು ಮಿಡಿಯಲು
ನನ್ನ ಯಂತ್ರಕ್ಕೆ ಒಂಬತ್ತು ತಾಸು ಬೇಕು.
ಅಷ್ಟರಲ್ಲಿ ಆಕೆಯದು ನಲವತ್ತು ಸಾವಿರ ಸಲ
ಮಿಡಿದು ಮುಗಿಸಿರುತ್ತದೆ,
ಕೌಲ್ ಬಜಾರಿನ ಶೆಡ್ಡಿನಲ್ಲಿ ಒಂದು ಪಾಳಿ ಜೀನ್ಸಿಗೆ
ಕಾಜ ಬಿದ್ದಿರುತ್ತದೆ.

ಆಸ್ಪತ್ರೆಯ ಹಾಳೆಯಲ್ಲಿ ಹೆಸರಿರಲಿಲ್ಲ.
ಮೂವತ್ತೆಂಟು. ಹೆಣ್ಣು. ವಯಸ್ಸು ಐವತ್ತೊಂದು.
ಸ್ಕ್ಯಾನಿನ ಪದರಗಳನ್ನು ಪೇರಿಸಿ
ಹನ್ನೆರಡು ಲಕ್ಷ ಚುಕ್ಕಿಗಳ ಗುಂಡಿಗೆ ಕಟ್ಟಿದೆ.
ಚುಕ್ಕಿ ಚುಕ್ಕಿಗೂ ಬಾಗಿಲು,
ಸೋಡಿಯಂ ಒಳಗೆ ನುಗ್ಗುವುದು,
ಪೊಟ್ಯಾಸಿಯಂ ಹೊರಗೆ ಸರಿಯುವುದು.
ಒಮ್ಮೆ ಮಿಂಚಿದ ಚುಕ್ಕಿ ಕಾಲು ಸೆಕೆಂಡು
ಯಾರು ತಟ್ಟಿದರೂ ಏಳದು,
ಎರಡು ಪಾಳಿ ದುಡಿದು ಬಂದು ಮಲಗಿದವರ ಹಾಗೆ.

ಎಡಕ್ಕೆ, ಕೆಳಗೆ
ಹುಣಸೆಬೀಜದಷ್ಟು ಸತ್ತ ಮಾಂಸ.
ಅಲ್ಲಿ ಸೊನ್ನೆ ಬರೆದೆ.
ಯಾವ ರಾತ್ರಿಯ ಗಾಯವೆಂದು ಸಮೀಕರಣ ಕೇಳುವುದಿಲ್ಲ.
(ಗ್ಯಾಸೆಂದು ಗೋಲಿಸೋಡಾ ಕುಡಿದು ಮಲಗಿದ್ದಳಂತೆ.
ಅದು ಆಮೇಲೆ ತಿಳಿದದ್ದು.)

ಡಾಕ್ಟರು ಕೇಳಿದ್ದು ಇಷ್ಟೇ: ಸುಡುವುದೆಲ್ಲಿ?
ತಿಳಿಯಲು ಒಂದೇ ದಾರಿ, ಕೆಡಿಸಿ ನೋಡುವುದು.
ಹದಿನೇಳು ಕಡೆಯಿಂದ
ಹೊತ್ತಲ್ಲದ ಹೊತ್ತಿನಲ್ಲಿ ಒಂದೊಂದು ಪೆಟ್ಟು ಕೊಟ್ಟು
ತಾಳ ತಪ್ಪುವುದೋ ಇಲ್ಲವೋ ಕಾಯುವುದು.

ಹತ್ತು ಕಡೆ ತಡೆದುಕೊಂಡಳು.
ಹನ್ನೊಂದರಲ್ಲಿ ಅಲೆ
ಆ ಸೊನ್ನೆಯನ್ನು ಬಳಸಿ ಬಂದು
ತನ್ನ ಬಾಲ ತಾನೇ ಹಿಡಿದು ತಿರುಗತೊಡಗಿತು.
ಸುಳಿ.
ನಮ್ಮಲ್ಲಿ ಹೊಳೆಯೊಳಗೂ ಸುಳಿ, ಕೂಸಿನ ನೆತ್ತಿಯ ಮೇಲೂ ಸುಳಿ,
ಬಾಳೆ ಹೊಸ ಎಲೆ ಬಿಡುವುದೂ ಸುಳಿಯಲ್ಲೇ.
ಪರದೆಯ ಮೇಲೆ ಕೆಂಪು, ಹಳದಿ, ಮತ್ತೆ ಕೆಂಪು.
ಚೆಂದವಾಗಿತ್ತು.
ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಚೆಂದವಾಗಿತ್ತು.
ಮೂರು ಸಲ ಸತ್ತಳು.
ಕೊನೆಯದು ಮಂಗಳವಾರ ನಸುಕಿನಲ್ಲಿ,
ಬಳ್ಳಾರಿ ಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು
ಇನ್ನೂ ಕಿಟಕಿಯೊಳಗೆ ಉಸಿರುತ್ತಿದ್ದಾಗ.

ಬುಧವಾರ ಬಾಗಿಲು ಬಡಿದಳು.
"ಕಾಂಪೌಂಡರ್ ತಿಪ್ಪೇಸ್ವಾಮಿ ಹೇಳಿದ,
ನನ್ ಗುಂಡಿಗಿ ನಿಮ್ ಮನ್ಯಾಗ ಐತಂತೆ."
ಮೂವತ್ತೆಂಟಕ್ಕೆ ಹೆಸರು ಬಂತು: ಸುಂಕ್ಲಮ್ಮ.
ಉಗುರಿನ ಸಂದಿಯಲ್ಲಿ ಹೋಗದ ನೀಲಿ ಬಣ್ಣ,
ಕೈಯಲ್ಲಿ ಸ್ಟೀಲ್ ಡಬ್ಬಿ.

ಕೆಡದ ಬಡಿತವೊಂದನ್ನು ಹುಡುಕಿ ತೋರಿಸಿದೆ.
ಮೂರು ಸಲ ಹಾಕಿಸಿಕೊಂಡು ನೋಡಿದಳು.
"ದಿನಾ ಗುಂಡಿಗೆ ಕಾಜ ಹೊಲೀತೀನಿ,
ಗುಂಡಿಗಿ ನೋಡಿದ್ದು ಇವತ್ತೇ ನೋಡವ್ವ."
ಬೂದು ತೇಪೆಯ ಮೇಲೆ ಬೆರಳಿಟ್ಟಳು.
"ಇಲ್ಲಿ ಹರಿದೈತಾ?"
ಹೂಂ ಅಂದೆ.
"ಹರಿದಿದ್ದಕ್ಕೇ ರೇಟು ಜಾಸ್ತಿ ನಮ್ ಶೆಡ್ಡಿನ್ಯಾಗ"
ಎಂದು ನಕ್ಕಳು. ನಗುತ್ತಲೇ ಕೇಳಿದಳು:
"ತಿಂಗಳಾತಂತೆ ಇಟಗೊಂಡು. ಏನ್ ಮಾಡ್ತೀರಿ ಇದರ ಜೋಡಿ?"

ಲೆಕ್ಕ, ಅಂದೆ.

ಬಸ್ಸಿನ ಹೊತ್ತಾಯಿತೆಂದು ಹೋದಳು,
ಮೆಟ್ಟಿಲಲ್ಲಿ ಎರಡು ಕಡೆ ನಿಂತು.
ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ.
ಎಲ್ಲ ತಿಂದೆ. ಕಣ್ಣಲ್ಲಿ ನೀರು ಬಂತು,
ಖಾರಕ್ಕೇ ಇರಬೇಕು.

ಡಬ್ಬಿ ತೊಳೆದು ಬೋರಲು ಹಾಕಿದೆ.
ಬಂದ ಡಬ್ಬಿಯನ್ನು ಬರಿದು ಮಾಡಿ ಕಳಿಸಬಾರದು ಅನ್ನುತ್ತಾರೆ.
ಏನು ಹಾಕಿ ಕೊಡಲಿ?
ಕೂತು ಯೋಚಿಸುವಷ್ಟರಲ್ಲಿ ಯಂತ್ರ
ತಾನಾಗಿ ಹದಿನಾಲ್ಕನೆಯ ಕಡೆಗೆ ಹೋಗಿತ್ತು.