ಒಂದು ಪಿನ್ನಿನ ತೂತು

ಶುವೈಖಿನ ಈ ತಗಡಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ
ನಾನು ಹೊಲಿದದ್ದು ಬರೀ ಕ್ಯಾನ್ವಾಸು.
ನವೆಂಬರ್ ಬಂತೆಂದರೆ ಅರ್ಧ ಕುವೈತು ಮರಳಿಗೆ ಹೊರಡುತ್ತದೆ,
ಗುಡಾರ ಬಡಿದು ಮಾರ್ಚಿನ ತನಕ ಚಹಾ ಕಾಯಿಸುತ್ತದೆ.
ಅಕ್ಟೋಬರಿನಲ್ಲಿ ನಮಗೆ ನಿದ್ದೆಯಿಲ್ಲ.

ಕ್ಯಾನ್ವಾಸು ಮಲಗಿದ ಎಮ್ಮೆ.
ಎಳೆದರೆ ಏಳುವುದಿಲ್ಲ, ಎದ್ದರೆ ಮೈಮೇಲೇ ಬೀಳುತ್ತದೆ.
ಮೇಜಿನ ಆಚೆ ಒಬ್ಬ ನಿಂತು ಅದರ ಭಾರ ಹೊರಬೇಕು,
ಇಲ್ಲವಾದರೆ ಸೂಜಿ ಬಗ್ಗಿ, ಮುರಿದು, ಕಣ್ಣಿಗೆ ಹಾರುತ್ತದೆ.
ಅಂಚಿನೊಳಗೆ ಅಂಚು ಮಡಚಿ ನಾಲ್ಕು ಪದರ,
ಎರಡು ಸಾಲು ಹೊಲಿಗೆ, ನಡುವೆ ಕಾಲಿಂಚು.
ಮೂಲೆಯಲ್ಲಿ ನಾಲ್ಕು ಎಂಟಾಗುವಲ್ಲಿ
ಮೋಟಾರು ನಿಲ್ಲಿಸು,
ಆ ಗಂಟನ್ನು ಸುತ್ತಿಗೆಯಿಂದ ಬಡಿ,
ಚಕ್ರ ಕೈಯಲ್ಲೇ ತಿರುಗಿಸಿ ಒಂದೊಂದೇ ಹೊಲಿಗೆ ದಾಟು,
ಪಂಚೆ ಎತ್ತಿಕೊಂಡು ಮುಳ್ಳುಬೇಲಿ ದಾಟುವ ಮುದುಕನ ಹಾಗೆ.

ಇದೆಲ್ಲ ಉಸ್ತಾದ್ ಗುಲ್‌ಜರೀನ್ ಕಲಿಸಿದ್ದು.
ದಾರ ಹತ್ತಿಯದೇ ಇರಲಿ ಎನ್ನುತ್ತಿದ್ದ:
ಮಳೆ ಬಿದ್ದರೆ ಅದು ನೀರು ಕುಡಿದು ಉಬ್ಬಿ
ಸೂಜಿ ಮಾಡಿದ ತೂತನ್ನು ತಾನೇ ಮುಚ್ಚುತ್ತದೆ.
ತಪ್ಪಿದೆಯಾ? ಬಿಚ್ಚು. ನೀರು ಚಿಮುಕಿಸಿ ಉಗುರಿನಿಂದ ಉಜ್ಜು.
ಕ್ಯಾನ್ವಾಸಿಗೆ ನೆನಪು ಕಡಿಮೆ.

ನಮ್ಮಪ್ಪ ಲಕ್ಷ್ಮೇಶ್ವರದ ಪಿಂಜಾರ.
ಬಿಲ್ಲು ಹೆಗಲಿಗೇರಿಸಿ ಓಣಿ ಓಣಿ ತಿರುಗಿ
ಮಂದಿಯ ಹಳೇ ಗಾದಿಯ ಅರಳೆ ಬಿಡಿಸುತ್ತಿದ್ದ. ಠಂಯ್, ಠಂಯ್.
'ಹಗುರ ಮಾಡೂದು ಭಾರೀ ಕೆಲಸ ಐತಿ' ಅನ್ನುತ್ತಿದ್ದ, ಕೆಮ್ಮುತ್ತಾ.
ನನಗೆ ಆಗ ನಗು ಬರುತ್ತಿತ್ತು.

ಹೋದ ಸೆಪ್ಟೆಂಬರಿನಲ್ಲಿ ಅಲ್-ಅನೂದ್ ಬಂದಳು,
ಶಾಲೆಯಲ್ಲಿ ಭೂಗೋಳ ಕಲಿಸುವವಳು.
ತೆಂಗಿನಕಾಯಿಯಷ್ಟು ಚೀಲ. ಅದರೊಳಗಿಂದ
ಎಳೆದಳು, ಎಳೆದಳು, ಹನ್ನೊಂದು ಮೀಟರು ಬಟ್ಟೆ.
ಒಮಾನಿನ ಬೆಟ್ಟಕ್ಕೆ, ಒಬ್ಬಳಿಗೆ, ಬೆನ್ನ ಮೇಲೆ ಹೊರುವ ಗುಡಾರ.
ಕೈಯಲ್ಲಿ ಹಿಡಿದೆ. ಕೈಯಲ್ಲಿ ಏನೂ ಇರಲಿಲ್ಲ.

ಅದು ಮೇಜಿನಿಂದ ಜಾರಿತು. ಉಸಿರು ಬಿಟ್ಟರೆ ಎದ್ದಿತು.
ಫ್ಯಾನು ಆರಿಸಿದೆ, ನಲವತ್ತಾರು ಡಿಗ್ರಿಯಲ್ಲಿ,
ಮೂವರು ಜೊತೆಗಾರರು ನನ್ನನ್ನು ಬೈದು ಹೊರಗೆ ಕೂತರು.
ಹದಿನೆಂಟರ ಸೂಜಿ ಅದರಲ್ಲಿ ಬಾವಿ ತೋಡಿತು,
ಯಂತ್ರ ಅಂಚನ್ನು ಬಾಯೊಳಗೆ ಎಳೆದುಕೊಂಡು ಜಗಿಯಿತು.
ಒಂಬತ್ತರ ಸೂಜಿ ತಂದೆ. ಕೂದಲಿನಂಥ ಪಾಲಿಯೆಸ್ಟರ್ ದಾರ.
ಮಿಠಾಯಿ ಅಂಗಡಿಯ ತೆಳುಕಾಗದ ಅಡಿಗಿಟ್ಟು ಹೊಲಿದು
ಆಮೇಲೆ ಕಾಗದ ಹರಿದು ತೆಗೆದೆ.
ದಾರ ಬಿಗಿಯಾದರೆ ಬಟ್ಟೆ ಮುಖ ಸಿಂಡರಿಸುತ್ತದೆ;
ಹಿಂದೊಂದು ಬೆರಳು, ಮುಂದೊಂದು ಬೆರಳು,
ಎಳೆಯಬಾರದು, ತಳ್ಳಬಾರದು, ಸುಮ್ಮನೆ ಜೊತೆಗೆ ಹೋಗಬೇಕು.
ಮತ್ತೆ, ಪಿನ್ನು ಚುಚ್ಚಲೇಬಾರದು.
ಈ ಬಟ್ಟೆಯ ತೂತು ಮುಚ್ಚುವುದಿಲ್ಲ.

ಒಮ್ಮೆ ಚುಚ್ಚಿದೆ.
ನೆತ್ತಿಯ ಹೊಲಿಗೆಯಲ್ಲಿದ್ದಾಗ ಫೋನು ಬಂತು, ಹಜರತಬಿ.
ಹೊಸ ಕೋಣೆಯ ಕಿಟಕಿಗೆ ಪರದೆ, ಅಗಲ ಎಷ್ಟು ಇಡಲಿ ಅಂತ.
ನಾನಿನ್ನೂ ನೋಡದ ಕಿಟಕಿ.
ಬಟ್ಟೆ ಜಾರದಿರಲೆಂದು ಹೊಲಿಗೆಯಿಂದ ಎರಡು ಬೆರಳು ಆಚೆ
ಒಂದು ಪಿನ್ನು. ಕಣ್ಣು ಮುಚ್ಚಿ ಕಿಟಕಿ ಅಳೆದು
ಐವತ್ತೆರಡು ಇಂಚು ಎಂದೆ.
ಆಮೇಲೆ ಎಲ್ಲ ಹೊಲಿಗೆಗೂ ಕುಂಚದಿಂದ ಸಿಲಿಕೋನ್ ಸವರಿದೆ,
ಒಂದೂ ಬಿಡದೆ. ಪಿನ್ನನ್ನು ಮರೆತೆ.

ಜನವರಿಯಲ್ಲಿ ಅವಳು ತಿರುಗಿ ಬಂದಳು.
ಬೆಟ್ಟದ ಮೇಲೆ ಎರಡು ರಾತ್ರಿ ಮಳೆ.
ಹೊಲಿಗೆ ಒಂದೂ ಸೋರಲಿಲ್ಲ ಉಸ್ತಾದ್, ಎಂದಳು.
(ನನ್ನನ್ನು ಉಸ್ತಾದ್ ಎಂದದ್ದು ಅದೇ ಮೊದಲು.)
ಆದರೆ ಇಲ್ಲಿ, ನೋಡು, ಒಂದು ಹನಿ.
ಎಡ ಹುಬ್ಬಿನ ಮೇಲೆ, ಮತ್ತೆ ಮತ್ತೆ, ಅಲ್ಲಿಗೇ.
ಜಾಗ ಬದಲಿಸಬಹುದಿತ್ತಲ್ಲ ಎಂದೆ.
ಒಬ್ಬಳೇ ಇದ್ದೆನಲ್ಲ, ಎಂದು ನಕ್ಕಳು, ಇನ್ನೂರ ಹನ್ನೊಂದರವರೆಗೆ ಎಣಿಸಿದೆ.
ಪೆನ್ನಿನಿಂದ ಅದರ ಸುತ್ತ ಒಂದು ಸೊನ್ನೆ ಬರೆದಿದ್ದಳು.

ಬೆರಳ ತುದಿಯಲ್ಲಿ ಸಿಲಿಕೋನ್ ಮುಟ್ಟಿಸಿದೆ. ದುಡ್ಡು ಬೇಡವೆಂದೆ.
ಸೊನ್ನೆ ಅಳಿಸಲಾಗಲಿಲ್ಲ.

ಆ ರಾತ್ರಿ ಫೋನಿನಲ್ಲಿ ಪರದೆಯ ಸಂಗತಿ ಕೇಳಿದೆ.
ನಾಕು ಬೆರಳು ಸಾಲೂದಿಲ್ಲ ನೋಡ್ರಿ, ಎಂದಳು ಹಜರತಬಿ,
ಮುಂಜಾನೆ ಒಂದು ಕಡೆಯಿಂದ ಬಿಸಿಲು ಬರತೈತಿ.
ಬಿಚ್ಚಿ ಪಟ್ಟಿ ಹಚ್ಚು ಅಂದೆ.
ಇರಲಿ ಬಿಡ್ರಿ, ಎಂದಳು.