ಮೂರು ಮಿಲಿಮೀಟರ್

ಪಾರಿವಾಳದ ಕ್ಲಬ್ಬಿನಲ್ಲಿ ‘ಹೊಟ್ಟೆ’ ಎಂದಷ್ಟೇ ಹೇಳಿದ್ದೇನೆ.
ಜಾಗದ ಹೆಸರು ಬಾಯಿಗೆ ಬರುವುದಿಲ್ಲ,
ಎಪ್ಪತ್ತೊಂದರಲ್ಲೂ.

ಎಸ್ಸೆನ್. ಬರಿಹೊಟ್ಟೆಯ ಬೆಳಗು.
ಸೀಸದ ಡಬ್ಬಿಯಿಂದ ತೆಗೆದ ಸಕ್ಕರೆ
ನರಕ್ಕೆ ಏರಿಸಿ, ಒಂದು ಗಂಟೆ
ಮಾತು ಬೇಡ, ಅಲುಗಾಡಬೇಡಿ ಎಂದಳು ನರ್ಸ್ ಸ್ವಾಂಟ್ಯೆ.
ಹಸಿದದ್ದು ಯಾವುದೋ ಅದು ತಿನ್ನಲಿ,
ತಿಂದು ಸಿಕ್ಕಿಬೀಳಲಿ.

ಆಮೇಲೆ ಕೊಳವೆ. ಡಬಡಬ, ಕರ್‍ರ್, ಮತ್ತೆ ಡಬಡಬ,
ಕಲ್ಲಿದ್ದಲ ಗೋಡೆಗೆ ಬೈರಿಗೆ ಹಚ್ಚಿದ ಹಾಗೆ.
ನನಗೆ ಜೋಂಪು ಹತ್ತಿತು.

ಡಾಕ್ಟರ್ ಟೊಯ್ಬರ್ ಪರದೆ ಇತ್ತ ತಿರುಗಿಸಿದರು.
ಅಯಸ್ಕಾಂತ ಕಂಡ ಬೂದುಪದರಗಳ ಮೇಲೆ
ಸಕ್ಕರೆ ಕಂಡ ಕೆಂಡ.
ಇದೇನಾ? ಎಂದೆ, ಧಗಧಗಿಸುವುದಕ್ಕೆ ಬೆರಳಿಟ್ಟು.
ಅಲ್ಲ, ಅದು ಮೂತ್ರಕೋಶ. ಸಕ್ಕರೆ ಹೊರಹೋಗುವ ದಾರಿ.
ಇದು?
ನಿಮ್ಮ ಹೃದಯ. ಅದೂ ಹಸಿದಿತ್ತು.

ಗಡ್ಡೆ ಕೆಳಗೆ.
ಪಕ್ಕದಲ್ಲಿ, ಬರೀ ಬೂದಿಯಲ್ಲಾಗಿದ್ದರೆ
ಯಾರೂ ಲೆಕ್ಕಕ್ಕಿಡದಷ್ಟು,
ಜೋಳದ ಕಾಳಿನಂಥ ಗಂಟೊಂದು ಕಣ್ಣು ಬಿಟ್ಟಿತ್ತು.
ಯಕೃತ್ತಿನಲ್ಲಿ ಕಿಡಿಯಿಲ್ಲ, ಅದು ಒಳ್ಳೆಯದು, ಎಂದರು.
ಹೊರಪೊರೆಗೆ ಮೂರೇ ಮಿಲಿಮೀಟರ್.
ಮೊದಲು ಕಿರಣ, ಚಾಕು ಆಮೇಲೆ.

ಮೂವತ್ತು ವರ್ಷ ಗಣಿಯ ನಕಾಶೆ ಬರೆದವನು ನಾನು.
ನೀರು ತುಂಬಿದ ಹಳೆಯ ಸುರಂಗಕ್ಕೂ
ನಮ್ಮ ಹುಡುಗರಿಗೂ ನಡುವೆ
ಎಷ್ಟು ಕಲ್ಲಿದ್ದಲು ಮುಟ್ಟದೆ ಬಿಡಬೇಕೆಂದು
ಗೆರೆ ಎಳೆದು ಸಹಿ ಹಾಕಿದವನು.
ಇಪ್ಪತ್ತು ಮೀಟರಿಗೆ ಕಡಿಮೆ ಬಿಟ್ಟವನಲ್ಲ.

ಜೇಬಿನ ಪೆನ್ಸಿಲ್ ತಾನಾಗಿ ಕೈಗೆ ಬಂತು.
ಡಾಕ್ಟರೇ, ಆ ಗೆರೆ ಇನ್ನೊಮ್ಮೆ ತೋರಿಸಿ.
ತೋರಿಸಿದರು.
ಬಹಳ ಹೊತ್ತು ನೋಡಿದೆ. ಕೈ ನಡುಗಿದವರ ಗೆರೆಯಲ್ಲ.

ಹೊರಗೆ ಬೆಂಚಿನ ಮೇಲೆ ಗುಡ್ರುನ್
ಬ್ರೆಡ್ಡಿನ ಪೊಟ್ಟಣ ಬಿಚ್ಚಿಟ್ಟುಕೊಂಡು ಕೂತಿದ್ದಳು.
ಏನಂದರು? ಎನ್ನಲಿಲ್ಲ.
ಮೊದಲು ತಿನ್ನು, ಎಂದಳು.