ಕೆಳದವಡೆ, ಎಡಗಡೆ

ಸೌನಾದ ಹೊರಕೋಣೆಯನ್ನು ನವೆಂಬರಿನಲ್ಲಿ ಖಾಲಿ ಮಾಡಿದೆ.
ಬರ್ಚಿನ ಒಣಬರಲು, ಮೂರು ಬಕೆಟ್ಟು,
ಯಾರದೋ ಒಂಟಿ ಚಪ್ಪಲಿ,
ಎಲ್ಲ ಕಟ್ಟಿಗೆಮನೆಗೆ.
ಕಿಟಕಿಗೆ ಒತ್ತಿ ಒಂದು ಮೇಜು.
ಮೂರೂವರೆಗೇ ಕತ್ತಲು ಇಲ್ಲಿ; ಅದಕ್ಕೆ
ಕ್ಲಿನಿಕ್ಕಿನ ಹಳೇ ದೀಪ, ಮೊಣಕೈ ಮಡಿಚುವಂಥದು,
ಮೂವತ್ತೊಂದು ವರ್ಷ ಮಕ್ಕಳ ಬಾಯೊಳಗೆ ಇಣುಕಿದ್ದು
ಈಗ ಮರದ ತುಂಡಿನ ಮೇಲೆ ಬಗ್ಗಿದೆ.

ಹೌದು, ನಾನು ಶಾಲೆಗಳ ಹಲ್ಲಿನ ಡಾಕ್ಟರು.
ನಿವೃತ್ತಿಯ ದಿನ ಕೇಕು ಕೊಟ್ಟರು (ನನಗೆ! ಕೇಕು!).
ಕಾಲಲ್ಲಿ ಒತ್ತುವ ಹಳೇ ಡ್ರಿಲ್ಲು
ಗುಜರಿಗೆ ಹೋಗುವುದರಲ್ಲಿತ್ತು, ಕೇಳಿ ತಂದೆ.
ಅದರ ಸದ್ದಿಗೆ ಈ ಊರಿನ ಅರ್ಧ ಗಂಡಸರು
ಇವತ್ತಿಗೂ ಬೆವರುತ್ತಾರೆ.

ಆಲ್ಡರ್ ಮರ ಹಿತ್ತಲಿನದೇ.
ಕೊಡಲಿ ಬಿದ್ದಾಗ ಬಿಳಿ. ಕಾಫಿ ಕುಡಿದು ಬರುವಷ್ಟರಲ್ಲಿ
ಒಸಡಿನ ಕೆಂಪು.
ಗೇಣಿಗೆ ಕಡಿಮೆ ಸೀಳಿ, ಬೆನ್ನು ಉಬ್ಬಿಸಿ, ಬಾಲ ಸವೆಸಿ,
ಹೊಟ್ಟೆಯಲ್ಲಿ ಗುಳಿ ಕೊರೆದು ಸೀಸ ತುಂಬುವುದು,
ಇದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ.
ತಂತಿಯೂ ಹಳೇ ಪರಿಚಯ: ವಕ್ರದಂತದ ಹುಡುಗಿಯರಿಗೆ
ಬಿಗಿಯುತ್ತಿದ್ದ ಉಕ್ಕು, ಈಗ ಮೂಗಿನಿಂದ ಬಾಲಕ್ಕೆ.
ಗದ್ದಕ್ಕೆ, ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ನಾಲಗೆ.
ಹೊರಮೈಗೆ ಚಾಕೊಲೇಟಿನ ಬೆಳ್ಳಿಕಾಗದ.
ಮೂವತ್ತೊಂದು ವರ್ಷ ಬೇಡ ಬೇಡವೆಂದು ಬೋಧಿಸಿದ್ದನ್ನು
ದಿನಕ್ಕೊಂದರಂತೆ ತಿಂದೆ.
ಕಾಗದ ಬೇಕಿತ್ತು.

ಮೊದಲ ಹನ್ನೊಂದು ಮೀನುಗಳ ಕಥೆ ಕೇಳಬೇಡಿ.
ಕೆಲವು ಬಚ್ಚಲ ತೊಟ್ಟಿಯಲ್ಲಿ ಹೊಟ್ಟೆ ಮೇಲಾಗಿ ಮಗುಚಿದವು.
ಕೆಲವು ಬಹಳ ನೆಟ್ಟಗೆ ಈಜಿದವು,
ಆಫೀಸಿಗೆ ಹೊರಟವರ ಹಾಗೆ.
ನೆಟ್ಟಗಿರುವ ಮೀನನ್ನು ಮೀನು ನಂಬುವುದಿಲ್ಲ.
ಎಲ್ಲೋ ಪೆಟ್ಟಾದಂತೆ, ಏನೋ ಮರೆತಂತೆ
ಸೊಂಟ ಆಡಿಸಬೇಕು.
ಇಕ್ಕಳ ಹಿಡಿದು ಮೂಗಿನ ಕಣ್ಣಿಯನ್ನು ಎಡಕ್ಕೆ
ಕೂದಲೆಳೆಯಷ್ಟು ತಿರುಗಿಸಿದೆ. ಹನ್ನೆರಡನೆಯದು
ನಲ್ಲಿಯತ್ತ ತೊನೆಯುತ್ತ ಹೊರಟಾಗ,
ಬಚ್ಚಲಲ್ಲಿ ಮಂಡಿಯೂರಿದ್ದ ಅರವತ್ತಾರರ ಹೆಂಗಸು
ಏನು ಕೂಗಿದಳೆಂದು ಗೋಡೆಗೆ ಗೊತ್ತು.

ಏಪ್ರಿಲಿನಲ್ಲಿ, ಸೈಮಾ ಸರೋವರದ ಮಂಜುಗಡ್ಡೆ ಇನ್ನೂ ಬಿಟ್ಟಿರಲಿಲ್ಲ,
ಬಂದ ತಾರ್ಮೊ ಪಿಟ್ಕನೆನ್. ಲಾರಿ ಓಡಿಸುತ್ತಾನೆ,
ಬಾಗಿಲಿನಷ್ಟು ಭುಜ. ಏಳು ವರ್ಷದವನಿದ್ದಾಗ
ನನ್ನ ಹೆಬ್ಬೆರಳು ಕಚ್ಚಿದವನು; ಕಲೆ ಇದೆ, ತೋರಿಸಿದೆ.
ಹೊಸ್ತಿಲಲ್ಲೇ ನಿಂತ, ಟೋಪಿ ತಿರುವುತ್ತ.
"ಡಾಕ್ಟ್ರೇ, ಗಾಳಕ್ಕೊಂದು ಮರದ ಮೀನು..."
ತುಟಿ ಬಿಚ್ಚದೆಯೇ ಹೇಳಿದ.
ನಾನು ಸುಮ್ಮನೆ ಪೆಡಲು ಒತ್ತಿದೆ, ಒಂದೇ ಸಲ.
ಅಷ್ಟು ಹಕ್ಕು ನನಗಿದೆ.
ಚಿಲ್ಲರೆಗೂ ನಿಲ್ಲದೆ ಹೊರಟುಹೋದ.

ಜೂನಿನಲ್ಲಿ ವಾಪಸು ತಂದ.
ಬಣ್ಣ ಕಿತ್ತು, ಮೈತುಂಬ ತೂತು. ದೋಣಿಯ ಹತ್ತಿರ
ತಪ್ಪಿಸಿಕೊಂಡಿತಂತೆ, "ಇಷ್ಟುದ್ದ", ಕೈ ಚಾಚಿದ.
ಮೀನು ಹಿಡಿಯುವವರ ಕೈ; ನಾನು ನಂಬಲಿಲ್ಲ.
ದೀಪ ತಗ್ಗಿಸಿ, ಕನ್ನಡಕ ಏರಿಸಿ ನೋಡಿದೆ.

ಪೈಕ್. ಹೆಣ್ಣಿರಬೇಕು. ದವಡೆ ನಾಲ್ಕು ಬೆರಳಗಲ.
ಮೇಲಿನದು ಬಾಚಣಿಗೆ ಎಳೆದಂಥ ಗೀಚು.
ಕೆಳಗಿನ ಕೋರೆಗಳು ಆಳಕ್ಕಿಳಿದಿವೆ,
ಎಡಗಡೆ, ಎರಡರ ನಡುವೆ, ಒಂದು ಜಾಗ ಖಾಲಿ.
ಇವುಗಳಿಗೆ ಉದುರಿದ್ದು ಮತ್ತೆ ಹುಟ್ಟುತ್ತದೆ, ಸಾಯುವ ತನಕ.
ನನ್ನ ಕಸುಬೇ ಬೇಡದ ಜಾತಿ.

"ಇಷ್ಟುದ್ದವೇ ತಾರ್ಮೊ" ಎಂದೆ, "ಸರಿಯಾಗಿ ಹೇಳಿದೆ."
ಅವನು ನಕ್ಕ. ಮೊದಲ ಸಲ, ಬಾಯಿ ತುಂಬ.
ನೋಡಬಾರದಿತ್ತು, ನೋಡಿದೆ:
ಕೆಳದವಡೆ, ಎಡಗಡೆ, ಹಿಂದಿನಿಂದ ಎರಡನೆಯದು.
ಎಂಬತ್ತೇಳರಲ್ಲಿ ಹೆಬ್ಬೆರಳು ಕೊಟ್ಟು ನಾನು ತುಂಬಿದ್ದು
ಅಲ್ಲಾಡದೆ ಕೂತಿದೆ.

ಮೀನನ್ನು ಮೇಜಿನ ಮೇಲೆ ಬಿಟ್ಟ.
"ತೂತು ತುಂಬಿ ಇಡ್ತೀನಿ, ಗುರುವಾರ ಬಾ" ಎಂದೆ.
ಅವನು ಬಾಗಿಲು ದಾಟುವಾಗ ಅಭ್ಯಾಸಬಲ,
ಬಾಯಿ ತಾನೇ ಸೇರಿಸಿತು:
"ನೋಯುವುದಿಲ್ಲ."